ಮಗಳಿಗೆ ಒಂಬತ್ತು ವರ್ಷ. ಕ್ಲೇ ಶೂಟಿಂಗ್ ಶುರು ಮಾಡಿಸಬಹುದಾ?

ಶ್ರಾಪ್‌ಶೈರ್_ಅಮ್ಮ

ನಮಸ್ಕಾರ ಎಲ್ಲರಿಗೂ. ನಾವಿರುವುದು ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ. ನಾನು ದಾವಣಗೆರೆಯವಳು, ನಮ್ಮ ಯಜಮಾನರು ಕೊಡಗಿನವರು. ಮಗಳಿಗೆ ಒಂಬತ್ತು. ಕಳೆದ ಬೇಸಿಗೆಯಲ್ಲಿ ಹತ್ತಿರದ ಒಂದು ಕಂಟ್ರಿ ಶೋಗೆ ಹೋದಾಗ ಕ್ಲೇ ಶೂಟಿಂಗ್ ನೋಡಿದಳು. ಕಿತ್ತಳೆ ಬಣ್ಣದ ಬಿಲ್ಲೆ ಹಾರುವುದು, ಢಮ್ ಅನ್ನುವುದು, ಬಿಲ್ಲೆ ಪುಡಿಪುಡಿ ಆಗುವುದು. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ.

ಯಜಮಾನರಿಗೆ ಖುಷಿಯೋ ಖುಷಿ. ಮಾವನವರು ಫೋನಿನಲ್ಲಿ "ನಮ್ಮ ಮನೆ ಹುಡುಗಿ ಅಲ್ವಾ" ಅಂದರು. ನಮ್ಮ ತವರಲ್ಲಿ ದೀಪಾವಳಿಗೆ ಸುರುಸುರುಬತ್ತಿ ಹಚ್ಚುವುದಕ್ಕೂ ಅಪ್ಪ ಪಕ್ಕದಲ್ಲಿ ಬಕೆಟ್ ನೀರು ಇಡುತ್ತಿದ್ದರು. ಹಾಗಾಗಿ ನನಗೆ ಬೇಡ ಅನ್ನುವ ಮನಸ್ಸೂ ಇಲ್ಲ, ಹೂಂ ಅನ್ನುವ ಧೈರ್ಯವೂ ಇಲ್ಲ.

ಈ ವಯಸ್ಸಿಗೆ ಶುರು ಮಾಡಬಹುದಾ? ಕಾನೂನು ಏನು ಹೇಳುತ್ತದೆ? ಭುಜ, ಕಿವಿ ಏನಾಗುತ್ತದೆ? ಇವರು ಆಗಲೇ ಒಂದು ಹಗುರವಾದ 410 ಬೋರ್ (ನಳಿಗೆಯ ಅಗಲದ ಅಳತೆ) ಕೋವಿ ನೋಡಿಟ್ಟಿದ್ದಾರೆ. ಕಲಿಸುವುದೂ ತಾವೇ ಅಂತೆ. ಗೊತ್ತಿರುವವರು ದಯವಿಟ್ಟು ಹೇಳಿ. ಹೆದರಿಸಿದರೂ ಪರವಾಗಿಲ್ಲ.

ಲೆಸ್ಟರ್_ತೋಟೆ

ನಾನು ಹಾಸನದ ಕಡೆಯವನು. ಇಲ್ಲಿನ ಒಂದು ಕ್ಲೇ ಮೈದಾನದಲ್ಲಿ ಭಾನುವಾರ ಸುರಕ್ಷತೆ ನೋಡಿಕೊಳ್ಳಲು ನಿಲ್ಲುತ್ತೇನೆ. ಸಂಬಳ ಇಲ್ಲ, ಟೀ ಇದೆ.

ಮೊದಲು ಕಾನೂನು. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಶಾಟ್‌ಗನ್ (ಒಂದೇ ಗುಂಡಿನ ಬದಲು ಸಣ್ಣ ಕಾಳು ಹಾರಿಸುವ ಕೋವಿ) ಇಟ್ಟುಕೊಳ್ಳಲು ಪೊಲೀಸರು ಕೊಡುವ ಸರ್ಟಿಫಿಕೇಟಿಗೆ ಕನಿಷ್ಠ ವಯಸ್ಸು ಅಂತ ಒಂದಿಲ್ಲ. ಕೇಳಿದವರು ಬೆಚ್ಚುತ್ತಾರೆ. ಆದರೆ 1968ರ ಫೈರ್‌ಆರ್ಮ್ಸ್ ಆಕ್ಟ್ ಪ್ರಕಾರ 15 ತುಂಬದ ಮಗುವಿನ ಕೈಯಲ್ಲಿ ಜೋಡಿಸಿದ ಶಾಟ್‌ಗನ್ ಇದ್ದರೆ, 21 ತುಂಬಿದ ಒಬ್ಬರು ಜೊತೆಗಿದ್ದು ನೋಡಿಕೊಳ್ಳುತ್ತಿರಬೇಕು. 15ರ ಒಳಗಿನವರಿಗೆ ಶಾಟ್‌ಗನ್ ಉಡುಗೊರೆ ಕೊಡುವಂತಿಲ್ಲ. 18ರ ಒಳಗಿನವರು ಕೊಳ್ಳುವಂತಿಲ್ಲ. ಇದನ್ನು ಯಜಮಾನರಿಗೆ ತೋರಿಸಿ. "ಮಗಳ ಕೋವಿ" ಅಂತ ಒಂದಿರುವುದಿಲ್ಲ. ತಂದರೆ ಅದು ಅವರ ಸರ್ಟಿಫಿಕೇಟಿನ ಕೋವಿ, ಅವರ ಬೀರುವಿನ ಕೋವಿ, ಅವರ ಜವಾಬ್ದಾರಿ.

ಇನ್ನು ಮಗಳು ಸುಮ್ನೆ ಒಂದು ದಿನ ಹೊಡೆದು ನೋಡುವುದಕ್ಕೆ ಸರ್ಟಿಫಿಕೇಟ್ ಬೇಕಾಗಿಲ್ಲ. ಅದೇ ಕಾಯ್ದೆಯ 11(6)ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಪೊಲೀಸ್ ಮುಖ್ಯಸ್ಥರು ಒಪ್ಪಿಗೆ ಕೊಟ್ಟ ಜಾಗದಲ್ಲಿ, ಒಪ್ಪಿದ ಸಮಯದಲ್ಲಿ, ಕ್ಲೇಯಂಥ ಗುರಿಗೆ ಸರ್ಟಿಫಿಕೇಟ್ ಇಲ್ಲದವರೂ ಹೊಡೆಯಬಹುದು. ಮೈದಾನಕ್ಕೆ ಫೋನ್ ಮಾಡಿದಾಗ ಮೊದಲು ಇದನ್ನೇ ಕೇಳಿ. 11(6) ಒಪ್ಪಿಗೆ ಇದೆಯಾ? ಮಕ್ಕಳಿಗೆ ಕಲಿಸಿ ಅಭ್ಯಾಸ ಇರುವ ಕೋಚ್ ಇದ್ದಾರಾ? ಮಗುವಿನ ಅಳತೆಯ ಕೋವಿ ಇದೆಯಾ? ಮೂರನೆಯ ಪ್ರಶ್ನೆಗೆ "ಅಡ್ಜಸ್ಟ್ ಮಾಡೋಣ ಬನ್ನಿ" ಅಂದರೆ ಬೇರೆ ಮೈದಾನ ಹುಡುಕಿ. ಸಿಪಿಎಸ್‌ಎ, ಅಂದರೆ ಕ್ಲೇ ಪಿಜನ್ ಶೂಟಿಂಗ್ ಅಸೋಸಿಯೇಷನ್‌ನಲ್ಲಿ ತರಬೇತಿ ಪಡೆದ ಕೋಚ್‌ಗಳಿದ್ದಾರೆ, ಅಲ್ಲಿಂದ ಶುರು ಮಾಡಬಹುದು.

ವಯಸ್ಸಿನ ವಿಷಯಕ್ಕೆ ಬಂದರೆ ನಾನು ಒಂಬತ್ತು, ಹತ್ತು ಅಂತ ನೋಡುವುದಿಲ್ಲ. "ನಿಲ್ಲು" ಅಂದ ಕ್ಷಣ ನಿಲ್ಲುವ ಮಗುವಾ? ಯಾಕೆ ಅಂತ ಆಮೇಲೆ ಕೇಳಲಿ, ಮೊದಲು ನಿಲ್ಲಬೇಕು. ಎರಡನೆಯದು, ಕೋವಿ ಎತ್ತಿ ಭುಜಕ್ಕೆ ಇಟ್ಟಾಗ ಬೆನ್ನು ಹಿಂದಕ್ಕೆ ಬಾಗುತ್ತದಾ? ಬಾಗಿದರೆ ಆ ಕೋವಿ ಅವಳಿಗೆ ಭಾರ. ಹನ್ನೆರಡು ವರ್ಷದ ಮಕ್ಕಳು ಎರಡರಲ್ಲೂ ಫೇಲಾಗುವುದು ನೋಡಿದ್ದೇನೆ, ಎಂಟರ ಹುಡುಗಿ ಪಾಸಾದದ್ದೂ ನೋಡಿದ್ದೇನೆ.

ರಾಜಾಜಿನಗರ_ಅಪ್ಪ

ಬೇಜಾರು ಮಾಡಿಕೊಳ್ಳಬೇಡಿ, ಒಂಬತ್ತರ ಮಗುವಿಗೆ ಕೋವಿ ಯಾಕೆ? ಬಿಲ್ಲುಬಾಣ ಇದೆ, ಬ್ಯಾಡ್ಮಿಂಟನ್ ಇದೆ. ಗುರಿ, ಏಕಾಗ್ರತೆ ಎಲ್ಲ ಅಲ್ಲೂ ಕಲಿಯಬಹುದು ಅಲ್ವಾ? ಈಗ ಆಟ ಅನ್ನುತ್ತೀರಿ. ನಾಳೆ ಮಗುವಿಗೆ ಕೋವಿ ಅಂದರೆ ಭಯವೇ ಹೋಗಿಬಿಟ್ಟರೆ?

ಪೊನ್ನಂಪೇಟೆ_ಮಾವ

ರಾಜಾಜಿನಗರದವರ ಪ್ರಶ್ನೆ ಸರಿಯಾಗಿಯೇ ಇದೆ. ನಾನು ಸೈನ್ಯದಲ್ಲಿದ್ದು ನಿವೃತ್ತನಾದವನು. ಈಗ ಕಾಫಿ, ಕರಿಮೆಣಸು, ಮೊಮ್ಮಕ್ಕಳು.

ನಮ್ಮ ಕೊಡಗಿನಲ್ಲಿ ಕೋವಿ ಮನೆಯ ಒಳಗಿನ ವಸ್ತು. ಗಂಡು ಹುಟ್ಟಿದರೆ ಒಂದು ಈಡು, ಸತ್ತರೆ ಎರಡು ಈಡು. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು. ಸೆಪ್ಟೆಂಬರಿನ ಆಯುಧ ಹಬ್ಬ ಕೈಲ್ ಪೋಳ್ದ್‌ಗೆ ಕೋವಿಗೆ ತೋಕ್ ಪೂ ಅನ್ನುವ ಹೂ ಕಟ್ಟಿ ಪೂಜೆ, ಆಮೇಲೆ ಊರ ಬಯಲಾದ ಮಂದ್‌ನಲ್ಲೋ ಮೈದಾನದಲ್ಲೋ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವುದು ಬ್ರಿಟಿಷರ ಕಾಲದಿಂದ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಇಷ್ಟೆಲ್ಲ ಇದ್ದರೂ ನಾನು ಹುಡುಗನಾಗಿದ್ದಾಗ ನಮ್ಮಜ್ಜ ಕೋವಿ ಮುಟ್ಟಲು ಬಿಟ್ಟದ್ದು ತೊಳೆಯುವುದಕ್ಕೆ ಮಾತ್ರ. ನಳಿಗೆಯೊಳಗೆ ಬಟ್ಟೆ ಸುತ್ತಿದ ಕಡ್ಡಿ ತೂರಿಸಿ ಉಜ್ಜುವುದು, ಖಾಲಿ ತೋಟೆ ಹೆಕ್ಕಿ ತರುವುದು. ಮೂತಿ ಯಾರ ಕಡೆಗಾದರೂ ತಿರುಗಿತು ಅಂದರೆ ತಲೆಗೆ ಒಂದು ಬೀಳುತ್ತಿತ್ತು. ಈಗ ಹಾಗೆ ಹೊಡೆಯುವುದು ಬೇಡ, ಆದರೆ ಆ ಕ್ರಮ ಒಳ್ಳೆಯದು. ಭಯ ಹೋಗುವ ಮೊದಲು ಶಿಸ್ತು ಕೂತಿರಬೇಕು.

ಅಮ್ಮಾ, ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಿ. ತೆಂಗಿನಕಾಯಿಗೆ ಹೊಡೆಯುವವರು ಕ್ಲೇ ಕಲಿಸಲು ಹೋಗಬಾರದು. ಕಾಯಿ ನಿಂತಲ್ಲೇ ಇರುತ್ತದೆ. ನಾವು ಉಸಿರು ಹಿಡಿದು, ಒಂದು ಕಣ್ಣು ಮುಚ್ಚಿ, ಮೂತಿಯ ಮಣಿ ನೋಡಿ ನಿಧಾನಕ್ಕೆ ಟ್ರಿಗರ್ ಒತ್ತುತ್ತೇವೆ. ಹಾರುವ ಬಿಲ್ಲೆಗೆ ಅದೆಲ್ಲ ಉಲ್ಟಾ. ನಾನು ಮಗಳ ಮನೆಗೆ ಕೆನಡಾಕ್ಕೆ ಹೋಗಿದ್ದಾಗ ಅಳಿಯ ಕ್ಲೇ ಮೈದಾನಕ್ಕೆ ಕರೆದುಕೊಂಡು ಹೋಗಿದ್ದ. ಪಕ್ಕದಲ್ಲಿದ್ದ ಶಾಲೆ ಹುಡುಗಿ ನನಗಿಂತ ಚೆನ್ನಾಗಿ ಹೊಡೆದಳು.

ಶ್ರಾಪ್‌ಶೈರ್_ಅಮ್ಮನ_ಗಂಡ

ನನ್ನ ಹೆಸರು ಹೇಳದೆ ನನ್ನನ್ನು ಇಷ್ಟು ಜನ ಬೈಯುತ್ತಿರುವುದು ಈಗ ನೋಡಿದೆ. ಸರಿ, ಕಲಿಸುವುದಿಲ್ಲ. ಆದರೆ 410 ಯಾಕೆ ಬೇಡ? ಇಲ್ಲಿ ಎಲ್ಲರೂ ಮಕ್ಕಳಿಗೆ ಮೊದಲ ಕೋವಿ ಅದೇ ಅನ್ನುತ್ತಾರೆ. ಹಗುರ, ಚಿಕ್ಕ ತೋಟೆ, ಒದೆತ ಕಡಿಮೆ.

ಲೆಸ್ಟರ್_ತೋಟೆ

ಅಣ್ಣಾ, ಬೈಯುತ್ತಿಲ್ಲ. 410ರ ಸಣ್ಣ ತೋಟೆಯಲ್ಲಿ ಇರುವುದು ಸುಮಾರು 14 ಗ್ರಾಂ ಕಾಳು. ಇಲ್ಲಿನ ಕ್ಲೇ ಮೈದಾನಗಳಲ್ಲಿ ದೊಡ್ಡವರು 12 ಬೋರಿನಲ್ಲಿ 28 ಗ್ರಾಂವರೆಗೆ ಹಾಕುತ್ತಾರೆ. ಒಲಿಂಪಿಕ್‌ನ ಕ್ಲೇ ಪಂದ್ಯಗಳಾದ ಟ್ರ್ಯಾಪ್, ಸ್ಕೀಟ್‌ನಲ್ಲಿ 24 ಗ್ರಾಂ. ಏಳೂವರೆ ನಂಬರಿನ ಕಾಳು 28 ಗ್ರಾಂನಲ್ಲಿ ಸುಮಾರು 400 ಇರುತ್ತದೆ ಅಂದರೆ ಮಗಳ ತೋಟೆಯಲ್ಲಿ ಇನ್ನೂರು. ಗಾಳಿಯಲ್ಲಿ ಆ ಕಾಳುಗಳು ಹರಡಿಕೊಂಡಾಗ ಬಿಲ್ಲೆಗೆ ತಾಗುವ ಸಾಧ್ಯತೆ ಅಷ್ಟು ಕಡಿಮೆ. ನಿಶಾನೆ ಚೆನ್ನಾಗಿರುವವರಿಗೇ 410 ಕಷ್ಟದ ಕೋವಿ. ಅದನ್ನು ಮಗುವಿಗೆ ಕೊಟ್ಟು "ಹೊಡಿ" ಅಂದರೆ ಮಗು ತಪ್ಪುತ್ತದೆ, ತಪ್ಪುತ್ತದೆ, ಆಮೇಲೆ ಮನೆಗೆ ಹೋಗೋಣ ಅನ್ನುತ್ತದೆ.

ಹಗುರ ಅನ್ನುವುದೂ ಪೂರ್ತಿ ಲಾಭ ಅಲ್ಲ. ಅದೇ ತೋಟೆಯನ್ನು ಹಗುರ ಕೋವಿಯಲ್ಲಿ ಹಾಕಿದರೆ ಒದೆತ ಜಾಸ್ತಿ, ಭಾರದ ಕೋವಿಯಲ್ಲಿ ಕಡಿಮೆ. ಮಗು ಎತ್ತಲು ಆಗುವಷ್ಟು ಹಗುರ, ಒದೆತ ನುಂಗುವಷ್ಟು ಭಾರ, ಈ ಎರಡರ ನಡುವಿನದು ಬೇಕು. ನಾನು ನೋಡಿದ ಮಟ್ಟಿಗೆ 28 ಬೋರ್ ಅಥವಾ 20 ಬೋರ್, ಇದ್ದುದರಲ್ಲಿ ಅತಿ ಹಗುರವಾದ ತೋಟೆ, ಮತ್ತು ಗಿಡ್ಡ ಮಾಡಿದ ಹಿಂಬದಿಯ ಮರ. ಈ ಮರದ ಅಳತೆಯೇ ಮುಖ್ಯ. ದೊಡ್ಡವರ ಕೋವಿಯಲ್ಲಿ ಟ್ರಿಗರಿನಿಂದ ಭುಜದವರೆಗೆ ಸುಮಾರು ಹದಿನಾಲ್ಕೂವರೆ ಇಂಚು. ಮಕ್ಕಳ ಕೋವಿಯಲ್ಲಿ ಹನ್ನೆರಡು, ಹದಿಮೂರು. ಉದ್ದ ಜಾಸ್ತಿಯಾದರೆ ಮಗು ಅದನ್ನು ಭುಜದ ಗುಳಿಗೆ ಇಡದೆ ತೋಳಿನ ಮೇಲೆ ಇಡುತ್ತದೆ. ನೀಲಿಗಟ್ಟುವುದು ಅಲ್ಲೇ. ಕೆನ್ನೆ ಮರಕ್ಕೆ ಒತ್ತದೆ ದೂರ ಇದ್ದರೆ ಕೆನ್ನೆಗೂ ಏಟು.

ಇನ್ನೊಂದು ವಿಷಯ ನೀವು ಓದಲೇಬೇಕು. ನಿಮ್ಮ ಹತ್ತಿರ ಇರುವುದು 12 ಬೋರ್ ಅಂದುಕೊಳ್ಳುತ್ತೇನೆ. ನಾಳೆ ಮಗಳು 20 ಬೋರ್ ಹಿಡಿದರೆ ಎರಡು ಥರದ ತೋಟೆ ಒಂದೇ ಚೀಲದಲ್ಲಿ ಬರುತ್ತದೆ. 20ರ ತೋಟೆ 12ರದ್ದಕ್ಕಿಂತ ತೆಳು, 12ರ ನಳಿಗೆಯಲ್ಲಿ ಜಾರಿ ಒಳಗೆ ಹೋಗಿ ಮುಂದೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋವಿ ಖಾಲಿ. ಅದರ ಹಿಂದೆ 12ರ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ, ಎಡಗೈ ಅಲ್ಲೇ ಇರುತ್ತದೆ. 20 ಬೋರ್ ತೋಟೆಗೆ ಹಳದಿ ಬಣ್ಣ ಇಟ್ಟಿರುವುದೇ ಇದಕ್ಕೆ. ಬೇರೆ ಬೇರೆ ಚೀಲ, ಬೇರೆ ಬೇರೆ ಜೇಬು. ಅವಳು ಹೊಡೆಯುವ ದಿನ ನಿಮ್ಮ 12 ಬೋರ್ ಮನೆಯಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಅವತ್ತು ನೀವು ಅಪ್ಪ, ಶೂಟರ್ ಅಲ್ಲ.

ಶ್ರಾಪ್‌ಶೈರ್_ಅಮ್ಮನ_ಗಂಡ

ಹಳದಿ ಬಣ್ಣದ ಕಾರಣ ಗೊತ್ತಿರಲಿಲ್ಲ. 410 ಕೈಬಿಟ್ಟೆ. ಹೆಂಡತಿಗೆ ಹೇಳಬೇಡಿ, ಅವಳು ಗೆದ್ದೆ ಅಂದುಕೊಳ್ಳುತ್ತಾಳೆ.

ಶ್ರಾಪ್‌ಶೈರ್_ಅಮ್ಮ

ಓದಿದೆ.

ಮೈಸೂರು_ಕಿವಿಡಾಕ್ಟ್ರು

ನಾನು ಇಎನ್‌ಟಿ. ಭುಜದ ನೀಲಿ ವಾರದಲ್ಲಿ ಹೋಗುತ್ತದೆ, ಕಿವಿ ಹೋದರೆ ವಾಪಸ್ ಬರುವುದಿಲ್ಲ. ಅದಕ್ಕೇ ನನ್ನ ಪ್ರಕಾರ ಈ ಚರ್ಚೆಯಲ್ಲಿ ಮೊದಲು ಬರಬೇಕಾಗಿದ್ದ ವಿಷಯ ಇದು.

ಶಾಟ್‌ಗನ್ನಿನ ಒಂದು ಸದ್ದು ಕಿವಿಯ ಹತ್ತಿರ 150 ಡೆಸಿಬೆಲ್ ದಾಟುತ್ತದೆ. ಇಂಥ ತಟ್ಟನೆ ಬರುವ ಸದ್ದಿಗೆ ದೊಡ್ಡವರಿಗೆ 140, ಮಕ್ಕಳಿಗೆ 120 ಮೀರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಜಾಸ್ತಿ ಅಂದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಒಳ್ಳೆಯ ಇಯರ್‌ಮಫ್ ಸರಿಯಾಗಿ ಕೂತರೆ ಇಪ್ಪತ್ತೈದು, ಮೂವತ್ತು ಡೆಸಿಬೆಲ್ ತಗ್ಗಿಸುತ್ತದೆ. "ಸರಿಯಾಗಿ ಕೂತರೆ" ಅನ್ನುವುದನ್ನು ಎರಡು ಸಲ ಓದಿ. ದೊಡ್ಡವರ ಮಫ್ ಮಗುವಿನ ತಲೆಗೆ ಸಡಿಲ. ಕನ್ನಡಕದ ಕಡ್ಡಿ, ಜಡೆ, ಟೋಪಿ, ಹಿಜಾಬ್, ಏನೇ ಮಧ್ಯೆ ಬಂದರೂ ಸಂದಿಯಿಂದ ಸದ್ದು ನುಗ್ಗುತ್ತದೆ. ಮಕ್ಕಳಿಗೆ ಒಳಗೆ ಫೋಮ್ ಪ್ಲಗ್, ಹೊರಗೆ ಮಕ್ಕಳ ಅಳತೆಯ ಮಫ್, ಎರಡೂ ಹಾಕಿ. ಎರಡು ಹಾಕಿದರೆ ತಗ್ಗುವ ಸದ್ದು ಎರಡು ಪಟ್ಟಾಗುವುದಿಲ್ಲ, ಇನ್ನು ಸ್ವಲ್ಪ ಸಿಗುತ್ತದೆ ಅಷ್ಟೇ. ಆದರೆ ಒಂದು ಜಾರಿದಾಗ ಇನ್ನೊಂದು ಇರುತ್ತದೆ.

ಫೋಮ್ ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳುವಾಗಿಸಿ, ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಡಬೇಕು. ಮನೆಯಲ್ಲಿ ಅಭ್ಯಾಸ ಮಾಡಿ. ಮತ್ತೆ, ನೋಡಲು ನಿಂತ ತಮ್ಮ, ತಂಗಿ, ಅಜ್ಜಿ ಎಲ್ಲರಿಗೂ ರಕ್ಷಣೆ ಬೇಕು. ಕಾರಿನಿಂದ ಇಳಿಯುವಾಗಲೇ ಹಾಕಿ. ಕೈಗೂಸು ಇದ್ದರೆ ಮೈದಾನಕ್ಕೆ ತರಬೇಡಿ.

ಕಣ್ಣಿಗೆ ಪಾಲಿಕಾರ್ಬನೇಟ್ ಕನ್ನಡಕ. ಬಿಲ್ಲೆಯ ಚೂರು ಹಿಂದಕ್ಕೂ ಹಾರಿ ಬರುತ್ತದೆ. ಮುಂದೆ ಚುಂಚು ಇರುವ ಟೋಪಿ ಇದ್ದರೆ ಮೇಲಿಂದ ಬೀಳುವ ಚೂರೂ ತಡೆಯುತ್ತದೆ.

ಇನ್ನೊಂದು, ಕೈ ತೊಳೆಯುವುದು. ಕಾಳು ಸೀಸದ್ದಾದರೆ ಅದರ ಪುಡಿ ಕೈಗೆ, ಬಟ್ಟೆಗೆ ಅಂಟುತ್ತದೆ. ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು, ಇಷ್ಟು ಮಾತ್ರ ಇದ್ದರೆ ಪರವಾಗಿಲ್ಲ ಅನ್ನುವ ಲೆಕ್ಕ ಅದಕ್ಕಿಲ್ಲ. ಸೋಪು ಹಾಕಿ ಕೈ, ಮುಖ ತೊಳೆದ ಮೇಲೆಯೇ ತಿಂಡಿ. ಮನೆಗೆ ಬಂದ ಮೇಲೆ ಬಟ್ಟೆ ಬದಲಾಯಿಸಿ.

ಲೆಸ್ಟರ್_ತೋಟೆ

ಡಾಕ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಮಕ್ಕಳು ಒಡೆಯದೆ ಬಿದ್ದ ಬಿಲ್ಲೆ ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಕ್ಲೇ ಅನ್ನುತ್ತೇವೆ, ಆದರೆ ಈಗಿನವು ಸುಣ್ಣದ ಕಲ್ಲಿನ ಪುಡಿಗೆ ಡಾಂಬರಿನ ಜಾತಿಯ ಪಿಚ್ ಬೆರೆಸಿ ಅಚ್ಚು ಹಾಕಿದ್ದು. 108 ಮಿಲಿಮೀಟರ್ ಅಗಲ, ಸುಮಾರು 105 ಗ್ರಾಂ ತೂಕ. ಒಂದು ನೆನಪಿಗೆ ತರಲಿ, ಬಾಯಿಗೆ ಹೋಗುವ ಕೈಯಲ್ಲಿ ಬೇಡ.

ಮತ್ತೆ ಯಂತ್ರ. ಎಲ್ಲರ ಗಮನ ಕೋವಿಯ ಮೇಲೆ, ಬಿಲ್ಲೆ ಎಸೆಯುವ ಟ್ರ್ಯಾಪ್ ಯಂತ್ರ ನೋಡುವವರಿಲ್ಲ. ಅದರ ತೋಳು ಸ್ಪ್ರಿಂಗಿನ ಬಿಗಿತದಲ್ಲಿ ಕೂತಿರುತ್ತದೆ. ಕರೆಂಟು ತೆಗೆದರೂ ಬಿಗಿತ ಇರಬಹುದು. ಕೈಗೆ ಬಡಿದರೆ ಮೂಳೆ ಮುರಿಯುತ್ತದೆ. ಮಕ್ಕಳು ಅದರ ಹತ್ತಿರ, ಮುಂದೆ, ಪಕ್ಕ, ಎಲ್ಲೂ ಹೋಗಬಾರದು. ಬಟನ್ ಮಾತ್ರ ದೂರದಿಂದ.

ಆ ಬಟನ್ ಬಹಳ ಒಳ್ಳೆಯ ಶುರು, ನೆನಪಿಡಿ. ಮೊದಲ ಭೇಟಿಯಲ್ಲಿ ಮಗು ಬೇರೆಯವರಿಗೆ ಬಿಲ್ಲೆ ಹಾರಿಸಲಿ. ಶೂಟರ್ "ಪುಲ್" ಅಂದಾಗ ಒತ್ತಬೇಕು, ಕೋವಿ ಮಧ್ಯೆ ಮಡಚಿ ತೆರೆದಿದ್ದರೆ ಒತ್ತಬಾರದು, ಯಾರಾದರೂ ಗೆರೆ ದಾಟಿ ಮುಂದೆ ಹೋಗಿದ್ದರೆ ಒತ್ತಬಾರದು. ಒಂದು ಗಂಟೆ ಇದನ್ನು ಮಾಡಿದ ಮಗುವಿಗೆ ಮೈದಾನದ ಅರ್ಧ ನಿಯಮ ತಾನಾಗಿ ಗೊತ್ತಿರುತ್ತದೆ.

ಮಿನೆಸೋಟ_ಮಂಡ್ಯ

ಅಮೆರಿಕದಿಂದ ಒಂದು ಮಾತು. ನಮ್ಮ ಮಿನೆಸೋಟದಲ್ಲಿ 2001ರಿಂದ ಶಾಲಾ ಮಕ್ಕಳ ಕ್ಲೇ ಲೀಗ್ ಇದೆ. ಆರನೇ ತರಗತಿಯಿಂದ ಸೇರಬಹುದು. ಆದರೆ ಮೊದಲು ಕೋವಿ ಸುರಕ್ಷತೆಯ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತೋರಿಸಬೇಕು. ಇಲ್ಲಿ ಆ ಕೋರ್ಸಿಗೆ ಮಕ್ಕಳನ್ನು ಹನ್ನೊಂದು ವರ್ಷದಿಂದ ಸೇರಿಸಿಕೊಳ್ಳುತ್ತಾರೆ. ನನ್ನ ಮಗ ಕೋರ್ಸಿಗೆ ಹೋದಾಗ ಓದುವುದೇ ಜಾಸ್ತಿ, ಹೊಡೆಯುವುದು ಕಡಿಮೆ ಅಂತ ಗೊಣಗುತ್ತಿದ್ದ. ನನಗೆ ಅದೇ ಸಮಾಧಾನ.

ಒಂಬತ್ತಕ್ಕೆ ನಾನಾಗಿದ್ದರೆ ಕಾಯುತ್ತಿದ್ದೆ. ನನ್ನ ಅಭಿಪ್ರಾಯ, ಅಷ್ಟೇ.

ರಾಜಾಜಿನಗರ_ಅಪ್ಪ

ಮಿನೆಸೋಟದವರ ಮಾತಿಗೆ ನನ್ನದೂ ಒಂದು ಓಟು. ಆದರೆ ಇಷ್ಟು ವಿವರವಾಗಿ ಯೋಚಿಸುವ ಜನ ಇದ್ದಾರೆ ಅಂತ ಗೊತ್ತಿರಲಿಲ್ಲ, ಒಪ್ಪಿದೆ. ಒಂದು ಪ್ರಶ್ನೆ. ಕೋವಿ ಮನೆಯಲ್ಲಿರುತ್ತದಲ್ಲ, ಅದು? ಮೈದಾನದಲ್ಲಿ ಕೋಚ್ ಇರುತ್ತಾರೆ. ಮನೆಯಲ್ಲಿ ಯಾರಿರುತ್ತಾರೆ?

ಲೆಸ್ಟರ್_ತೋಟೆ

ಇದು ಇಲ್ಲಿಯವರೆಗೆ ಬಂದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಇಲ್ಲಿ ಸರ್ಟಿಫಿಕೇಟ್ ಇರುವವರು ಕೋವಿಯನ್ನು ಬೇರೆಯವರ ಕೈಗೆ ಸಿಗದ ಹಾಗೆ ಇಡಬೇಕು. ಸಾಮಾನ್ಯವಾಗಿ ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಬೀರು. ಪೊಲೀಸರು ಬಂದು ನೋಡುತ್ತಾರೆ. ಬೀಗದ ಕೈ ಎಲ್ಲಿದೆ ಅಂತ ಮಗುವಿಗೆ ಗೊತ್ತಿರಬಾರದು, ಸರ್ಟಿಫಿಕೇಟ್ ಇಲ್ಲದಿದ್ದರೆ ಹೆಂಡತಿಗೂ ಗೊತ್ತಿರಬಾರದು. ಮಗು ಹೊಡೆಯಲು ಕಲಿತ ಮೇಲೆ ಅಪ್ಪಂದಿರು ಸಡಿಲ ಬಿಡುತ್ತಾರೆ, "ಅವಳಿಗೆ ಗೊತ್ತು ಬಿಡಿ" ಅಂತ. ಅವಳಿಗೆ ಗೊತ್ತಿರುತ್ತದೆ, ಆಟಕ್ಕೆ ಬಂದ ಅವಳ ಗೆಳತಿಗೆ ಗೊತ್ತಿರುವುದಿಲ್ಲ.

ನನ್ನ ಸಲಹೆ, ಮೊದಲ ವರ್ಷ ಮಗಳಿಗೆ ಅಂತ ಏನೂ ಕೊಳ್ಳಬೇಡಿ. ಮೈದಾನದ ಕೋವಿ ಸಾಕು. ಮಕ್ಕಳು ಬೆಳೆಯುತ್ತಾರೆ, ಗಿಡ್ಡ ಮರದ ಕೋವಿ ಬೇಗ ಚಿಕ್ಕದಾಗುತ್ತದೆ.

ಶ್ರಾಪ್‌ಶೈರ್_ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಏನಾಯಿತು ಅಂತ ಕೆಲವರು ಮೆಸೇಜ್ ಮಾಡಿದ್ದರು.

ಮೊದಲು ಲೇಸರ್ ಕ್ಲೇಗೆ ಕರೆದುಕೊಂಡು ಹೋದೆವು. ನಿಜವಾದ ಕೋವಿಯ ಆಕಾರ, ತೂಕ, ಆದರೆ ಗುಂಡು ಇಲ್ಲ, ಒದೆತ ಇಲ್ಲ. ಬಿಲ್ಲೆಗೆ ತಾಗಿದರೆ ಪಕ್ಕದ ಒಂದು ಯಂತ್ರ ಶಬ್ದ ಮಾಡುತ್ತದೆ. ಅಲ್ಲೇ ಗೊತ್ತಾಯಿತು, ದೊಡ್ಡವರ ತೂಕ ಅವಳಿಂದ ಆಗುವುದಿಲ್ಲ ಅಂತ. ಸ್ವಲ್ಪ ಹೊತ್ತಿಗೆ ತೋಳು ನಡುಗುತ್ತಿತ್ತು. ಆಮೇಲೆ ಮೈದಾನದಲ್ಲಿ ಬಟನ್ ಒತ್ತುವ ಕೆಲಸ. ಇವರ ಸರದಿ ಬಂದಾಗ, ಇವರು ಮಾತಾಡುತ್ತಾ ಕೋವಿ ತೆರೆದಿಟ್ಟುಕೊಂಡೇ "ಪುಲ್" ಅಂದರು. ಅವಳು ಒತ್ತಲಿಲ್ಲ. "ಪಪ್ಪ, ಕೋವಿ ಓಪನ್ ಇದೆ" ಅಂದಳು. ಮೈದಾನದವರೆಲ್ಲ ನಕ್ಕರು.

ಹೊಡೆದದ್ದು ಅದಾದ ಮೇಲೆ. ಕೋಚ್ ಒಬ್ಬರು ಹೆಂಗಸು, ನನ್ನಷ್ಟೇ ವಯಸ್ಸು. ಮೊದಲ ಅರ್ಧ ಗಂಟೆ ತೋಟೆ ತೋರಿಸಲೇ ಇಲ್ಲ. ಕೋವಿ ತೆರೆಯುವುದು, ನಳಿಗೆಯೊಳಗೆ ಬೆಳಕು ಕಾಣುತ್ತದಾ ನೋಡುವುದು, ಮುಚ್ಚುವುದು, ಭುಜಕ್ಕೆ ತರುವುದು, ಮತ್ತೆ ತೆರೆಯುವುದು. ಟ್ರಿಗರಿನ ಮೇಲೆ ಬೆರಳು ಹೋದಾಗೆಲ್ಲ ಮೆಲ್ಲಗೆ ಬೆರಳು ತೆಗೆದು ಪಕ್ಕಕ್ಕೆ ಇಡುತ್ತಿದ್ದರು. ಆಮೇಲೆ ಒಂದೇ ಒಂದು ತೋಟೆ. ಎರಡು ನಳಿಗೆ ಇದ್ದರೂ ಒಂದೇ. ಒದೆತಕ್ಕೆ ಮಗು ತಿರುಗಿಬಿಟ್ಟರೆ ಇನ್ನೊಂದು ತೋಟೆ ಒಳಗಿರಬಾರದು ಅಂತ ಕಾರಣ ಹೇಳಿದರು. ಹೊಡೆಯುವಷ್ಟು ಹೊತ್ತೂ ಅವರ ಒಂದು ಕೈ ನಳಿಗೆಯ ಹತ್ತಿರ, ಇನ್ನೊಂದು ಅವಳ ಬೆನ್ನ ಹಿಂದೆ.

ಬಿಲ್ಲೆಯೂ ಸುಲಭದ್ದು, ನಿಧಾನಕ್ಕೆ ಓರೆಯಾಗಿ ದೂರ ಹೋಗುವುದು. ಮೊದಲ ಒಂದೆರಡು ತಪ್ಪಿತು, ಕಾಳೆಲ್ಲ ಬಿಲ್ಲೆಯ ಹಿಂದೆ ಹೋಗುತ್ತಿತ್ತು. ಕೋಚ್ ಹೇಳಿದ್ದು ಇವಳಿಗೆ ಅರ್ಥವಾಗಲಿಲ್ಲ. ನಾನು ಹೋಳಿಯಲ್ಲಿ ಓಡುವವರಿಗೆ ಪಿಚಕಾರಿ ಹೊಡೆಯುವ ಹಾಗೆ ಅಂದೆ. ಓಡುವವರ ಮುಂದಕ್ಕೆ ಹೊಡೆಯಬೇಕು, ಕೈ ನಿಲ್ಲಿಸಬಾರದು. ಮುಂದಿನದು ಒಡೆಯಿತು! ದಾವಣಗೆರೆಯೂ ಸ್ವಲ್ಪ ಕೆಲಸಕ್ಕೆ ಬಂತು.

ಹತ್ತು ಹನ್ನೆರಡು ತೋಟೆಗೆ ಕೋಚ್ ನಿಲ್ಲಿಸಿದರು. ಇವಳು ಇನ್ನೂ ಬೇಕು ಅಂತ ಗಲಾಟೆ. ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಬೇಕು, ಸುಸ್ತಾದ ತೋಳಲ್ಲಿ ಮೂತಿ ಕೆಳಗೆ ಜೋಲುತ್ತದೆ ಅಂದರು. ಭುಜ ಸ್ವಲ್ಪ ಕೆಂಪಾಗಿತ್ತು, ನೀಲಿ ಆಗಲಿಲ್ಲ.

ಈಗ ಎರಡು ಪ್ರಶ್ನೆ. ಇವಳು ಬಲಗೈಯವಳು, ಆದರೆ ಹೊಡೆಯುವಾಗ ಮುಖ ಓರೆ ಮಾಡಿ ಎಡಗಣ್ಣಿನಿಂದ ನೋಡುತ್ತಾಳೆ. ಇದು ಸರಿಯಾಗುತ್ತದಾ? ಎರಡನೆಯದು, ಸೆಪ್ಟೆಂಬರಿಗೆ ಊರಿಗೆ ಹೋಗುತ್ತೇವೆ. ಕೈಲ್ ಪೋಳ್ದ್‌ಗೆ ಮೊಮ್ಮಗಳ ಕೈಯಲ್ಲಿ ಕಾಯಿಗೆ ಒಂದು ಗುಂಡು ಹೊಡೆಸಬೇಕು ಅಂತ ಮಾವನವರ ಆಸೆ.

ಲೆಸ್ಟರ್_ತೋಟೆ

ತೆರೆದ ಕೋವಿಗೆ ಬಟನ್ ಒತ್ತದ ಮಗು! ನನ್ನ ಮೈದಾನಕ್ಕೆ ಕಳಿಸಿಕೊಡಿ.

ಕಣ್ಣಿನ ವಿಷಯ. ಕೈಯಲ್ಲಿ ಬಲ ಎಡ ಇರುವ ಹಾಗೆ ಕಣ್ಣಿನಲ್ಲೂ ಒಂದು ಮುಂದಾಳು. ಎರಡೂ ಅಂಗೈ ಸೇರಿಸಿ ಮಧ್ಯೆ ಚಿಕ್ಕ ತೂತು ಬಿಟ್ಟು, ಕೈ ಚಾಚಿ, ಆ ತೂತಿನಿಂದ ನಿಮ್ಮ ಮೂಗು ನೋಡಲು ಹೇಳಿ. ನಿಮಗೆ ಅವಳ ಯಾವ ಕಣ್ಣು ಕಾಣುತ್ತದೋ ಅದು. ಎಡ ಬಂದರೆ ಅವಳು ಬಲಗೈ, ಎಡಗಣ್ಣು. ಇನ್ನೂ ಶುರುವಿನಲ್ಲೇ ಇರುವುದರಿಂದ ಎಡ ಭುಜದಿಂದ ಹೊಡೆಯಲು ಕಲಿಸಬಹುದು. ಚಿಕ್ಕವರು ಬೇಗ ಹೊಂದಿಕೊಳ್ಳುತ್ತಾರೆ. ಅದು ಬೇಡ ಅಂದರೆ ಕನ್ನಡಕದ ಎಡ ಗಾಜಿನ ಮೇಲೆ, ಕೋವಿಗೆ ಕೆನ್ನೆ ಇಟ್ಟಾಗ ನಳಿಗೆ ಕಾಣುವ ಜಾಗಕ್ಕೆ ಮಾತ್ರ, ಮಬ್ಬು ಟೇಪಿನ ಚಿಕ್ಕ ತುಂಡು. ಪೂರ್ತಿ ಮುಚ್ಚಬೇಡಿ, ಬಿಲ್ಲೆಯ ದೂರ ತಿಳಿಯಲು ಎರಡೂ ಕಣ್ಣು ಬೇಕು. ಮಕ್ಕಳಲ್ಲಿ ಇದು ಬೆಳೆಯುತ್ತಾ ಬದಲಾಗುವುದೂ ಇದೆ, ಆಗಾಗ ಮತ್ತೆ ನೋಡಿ.

ದಿಲ್ಲಿ_ಸ್ಕೀಟ್

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ. ದಿಲ್ಲಿಯ ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜಿನಲ್ಲಿ ಅಭ್ಯಾಸ ಮಾಡುತ್ತಿದ್ದವಳು ನಾನು. 1982ರ ಏಷ್ಯನ್ ಗೇಮ್ಸಿಗೆ ಕಟ್ಟಿದ್ದು ಅದು. 2004ರಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಅಥೆನ್ಸಿನಲ್ಲಿ ಡಬಲ್ ಟ್ರ್ಯಾಪ್ ಬೆಳ್ಳಿ ತಂದ ಮೇಲೆ ಎಷ್ಟೋ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ರೇಂಜಿಗೆ ಬಂದರು.

ಭಾರತದಲ್ಲಿ ಕೋವಿ ಹೊಂದಲು, ಒಯ್ಯಲು 21 ತುಂಬಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮು. ಅದಕ್ಕಿಂತ ಚಿಕ್ಕವರು ತರಬೇತಿಯಲ್ಲಿ, ನಿಯಮಗಳಿಗೆ ಒಳಪಟ್ಟು ಬಳಸಬಹುದು, ಆದರೆ ಅದಕ್ಕೂ ವಯಸ್ಸಿನ ಮಿತಿ ಇದೆ. ಒಂಬತ್ತರ ಮಗು ಅದರೊಳಗೆ ಬರುವುದಿಲ್ಲ. ಕೊಡಗಿನ ವಿನಾಯಿತಿ ಲೈಸೆನ್ಸಿಗೆ ಸಂಬಂಧಪಟ್ಟದ್ದು, ಮಗುವಿನ ವಯಸ್ಸಿಗಲ್ಲ. ಇಂಗ್ಲೆಂಡಿನಲ್ಲಿ ಹೊಡೆದಿದ್ದಾಳೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಪೊನ್ನಂಪೇಟೆ_ಮಾವ

ಕಾನೂನು ಬಿಟ್ಟರೂ ಬೇಡಮ್ಮ. ಪಂದ್ಯದಲ್ಲಿ ಪಾಯಿಂಟ್ 22 ರೈಫಲ್ ಇರುತ್ತದೆ. ಕ್ಲೇಯ ಸಣ್ಣ ಕಾಳು ಮುನ್ನೂರು ಮೀಟರಿನೊಳಗೆ ಬಿದ್ದುಹೋಗುತ್ತದೆ, 22ರ ಗುಂಡು ಗುರಿ ತಪ್ಪಿದರೆ ಒಂದು ಕಿಲೋಮೀಟರ್ ದಾಟಿ ಹೋಗುತ್ತದೆ. ಜನ ಸೇರಿರುತ್ತಾರೆ, ಗಲಾಟೆ, ಎಲ್ಲರೂ ಮೊಬೈಲ್ ಹಿಡಿದಿರುತ್ತಾರೆ, "ಹೊಡಿ ಹೊಡಿ" ಅನ್ನುತ್ತಾರೆ. ಮಗುವಿಗೆ ಅದು ಜಾಗವಲ್ಲ.

ನಿಮ್ಮ ಮಾವನವರಿಗೆ ಹೇಳಿ, ಪೂಜೆಗೆ ಮೊದಲು ಕೋವಿ ಉಜ್ಜುವ ಕೆಲಸ ಮೊಮ್ಮಗಳಿಗೆ ಕೊಡಲಿ. ನಳಿಗೆಯೊಳಗೆ ಬೆಳಕು ನೋಡುವುದು ಅವಳಿಗೆ ಈಗಾಗಲೇ ಬರುತ್ತದಲ್ಲ. ಹೂ ಕಟ್ಟಲಿ. ಹಾಗೆಯೇ ಅವರ ತೋಟೆ ಎಲ್ಲಿದೆ, ಬೀಗ ಇದೆಯಾ ಅಂತ ನೀವು ಹೋದ ದಿನವೇ ನೋಡಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಕೋವಿ ಗೋಡೆಯ ಮೊಳೆಗೇ ತೂಗುತ್ತದೆ.

ಶ್ರಾಪ್‌ಶೈರ್_ಅಮ್ಮನ_ಗಂಡ

ಅಪ್ಪನಿಗೆ ಈಗ ಫೋನ್ ಮಾಡಿದೆ. ಕೋವಿ ಮೊಳೆಗೇ ಇದೆಯಂತೆ. ಟಿಕೆಟ್ ಮಾಡಿಸುವ ಮೊದಲು ಬೀರು ಮಾಡಿಸುತ್ತೇನೆ ಅಂದಿದ್ದಾರೆ. ಗೋಣಿಕೊಪ್ಪದಲ್ಲಿ ಒಳ್ಳೆಯ ಉಕ್ಕಿನ ಬೀರು ಮಾಡುವವರು ಯಾರಾದರೂ ಗೊತ್ತಿದ್ದರೆ ಮೆಸೇಜ್ ಮಾಡಿ.